ಚಿಕ್ಕಮ್ಮನ ಪಿಂಚಣಿ ಮತ್ತು ಕಾರ್ಡಿಲ್ಲದ ಹಣ



ತಿಂಗಳ ಮೊದಲ ವಾರ ಬಂದಿತೆಂದರೆ ನಮ್ಮ ಗಡಿಸೀಮೆಯ ಊರುಗಳಲ್ಲಿ ಬ್ಯಾಂಕಿನ ಬಾಗಿಲಲ್ಲಿ ಒಂದು ಸಣ್ಣ ಜಾತ್ರೆಯೇ ನೆರೆಯುತ್ತದೆ. ಪಿಂಚಣಿಯ ಮುದುಕರು, ಕೂಲಿಹಣಕ್ಕೆ ಬಂದ ಹೆಂಗಸರು, ಸಂಘದ ಪುಸ್ತಕಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ತಾಯಂದಿರು, ಎಲ್ಲರೂ ಅಲ್ಲಿರುತ್ತಾರೆ. ಈ ಜಾತ್ರೆಯಲ್ಲಿ ಕಾಣಿಸಿಕೊಳ್ಳದವರೂ ಕೆಲವರಿದ್ದಾರೆ. ಅವರ ಹಣ ಖಾತೆಗೆ ಬರುತ್ತದೆ, ಆದರೆ ಅವರು ಮನೆಯಲ್ಲಿಯೇ ಇರುತ್ತಾರೆ. ಅವರ ಕಾರ್ಡನ್ನು ಮತ್ತೊಬ್ಬರು ತೆಗೆದುಕೊಂಡು ಹೋಗಿ, ಹಣ ತೆಗೆದು, ತಂದು ಕೊಡುತ್ತಾರೆ. ಕಲ್ಯಾಣದುರ್ಗದಲ್ಲಿರುವ ನನ್ನ ಚಿಕ್ಕಮ್ಮ ಬಹುಕಾಲ ಇಂಥವರಲ್ಲಿ ಒಬ್ಬರಾಗಿದ್ದರು.

ಚಿಕ್ಕಪ್ಪನವರು ಶಾಲಾ ಉಪಾಧ್ಯಾಯರು. ಅವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಚಿಕ್ಕಮ್ಮನ ಹೆಸರಿಗೆ ಬರತೊಡಗಿತು. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಚಿಕ್ಕಮ್ಮನಿಗೆ ಈಗ ಎಪ್ಪತ್ತನಾಲ್ಕು; ಕನ್ನಡ ಚೆನ್ನಾಗಿ ಓದುತ್ತಾರೆ, ತೆಲುಗು ಸೊಗಸಾಗಿ ಮಾತನಾಡುತ್ತಾರೆ, ಆದರೆ ತೆಲುಗು ಓದಲು ತಡವರಿಸುತ್ತಾರೆ. ಗಡಿಯಲ್ಲಿ ಹುಟ್ಟಿ ಗಡಿಯಲ್ಲಿಯೇ ಮದುವೆಯಾದ ಆ ತಲೆಮಾರಿನ ಹೆಂಗಸರ ಪೈಕಿ ಇಂಥವರು ಎಷ್ಟು ಮಂದಿಯೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಎಟಿಎಂ ಯಂತ್ರದ ಮುಂದೆ ನಿಂತರೆ ಪರದೆ ಅವರನ್ನು ಕೇಳುತ್ತಿದ್ದುದು ತೆಲುಗು ಬೇಕೆ, ಹಿಂದಿ ಬೇಕೆ, ಇಂಗ್ಲಿಷು ಬೇಕೆ ಎಂದು. ಮೂರೂ ಅವರ ಓದಿನ ಭಾಷೆಗಳಲ್ಲ. ಒಂದೆರಡು ಸಲ ಪ್ರಯತ್ನಿಸಿ, ಹಿಂದೆ ನಿಂತವರು ಗೊಣಗಿದ್ದನ್ನು ಕೇಳಿ, ಕಾರ್ಡನ್ನು ಪಕ್ಕದ ಮನೆಯ ಹುಡುಗನ ಕೈಗೆ ಒಪ್ಪಿಸಿಬಿಟ್ಟರು. ನಾಲ್ಕಂಕಿಯ ಗುಪ್ತಸಂಖ್ಯೆಯನ್ನು ಕಾರ್ಡಿನ ಲಕೋಟೆಯ ಮೇಲೆಯೇ ಬರೆದಿದ್ದಿತು.

ಆ ಹುಡುಗ ತೆಲುಗು ಮನೆಯವನು, ಪದವಿ ತರಗತಿಯಲ್ಲಿ ಓದುತ್ತಿರುವವನು, ಚಿನ್ನದಂಥ ಗುಣದವನು. ಒಂದು ರೂಪಾಯಿ ಹೆಚ್ಚುಕಡಿಮೆಯಾದದ್ದಿಲ್ಲ. ರಸೀದಿಯನ್ನೂ ತಪ್ಪದೆ ತಂದುಕೊಡುತ್ತಿದ್ದ. ಹೀಗಿದ್ದೂ ಚಿಕ್ಕಮ್ಮ ಒಮ್ಮೆ ನನ್ನೊಡನೆ ಮೆಲ್ಲಗೆ ಹೇಳಿದರು: "ಅವನು ಪರೀಕ್ಷೆಗೆ ಓದ್ತಿರ್ತಾನೆ ಕಣಪ್ಪ. ಐನೂರು ಬೇಕಾದ್ರೂ ಅವನ ಮುಖ ನೋಡ್ಬೇಕು. ಯಾಕೆ ಬೇಕು ಅಂತ ಅವನು ಕೇಳಲ್ಲ, ಆದ್ರೂ ನಾನೇ ಹೇಳ್ಬಿಡ್ತೀನಿ. ಔಷಧಿಗೆ ಅಂತೀನಿ. ಎಷ್ಟೋ ಸಲ ಔಷಧಿಗಲ್ಲ."

ಈ ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ತನ್ನ ಹಣವನ್ನು ತಾನೇ ಪಡೆಯಲು ಎಪ್ಪತ್ತು ದಾಟಿದ ಹೆಂಗಸು ಸುಳ್ಳು ಹೇಳಬೇಕಾಗಿತ್ತು. ಯಾರೂ ಆಕೆಯನ್ನು ಬಲವಂತ ಮಾಡಿರಲಿಲ್ಲ, ಯಾರೂ ವಂಚಿಸಿರಲಿಲ್ಲ. ಕೇಳಬೇಕಾದ ಸ್ಥಿತಿಯೊಂದೇ ಸಾಕಾಗಿತ್ತು.

ಅನಂತರ ಒಂದು ಸಂಜೆ ಯಂತ್ರವು ಆ ಕಾರ್ಡನ್ನು ನುಂಗಿತು. ಅದು ಬೇರೊಂದು ಬ್ಯಾಂಕಿನ ಯಂತ್ರ. ಮರುದಿನ ವಿಚಾರಿಸಿದಾಗ, ಸಿಕ್ಕಿಕೊಂಡ ಕಾರ್ಡನ್ನು ಮರಳಿಸುವುದಿಲ್ಲ, ನಿಮ್ಮ ಶಾಖೆಯಲ್ಲಿ ಹೊಸದಕ್ಕೆ ಅರ್ಜಿ ಕೊಡಿರೆಂದರು. ಅರ್ಜಿ ಕೊಟ್ಟದ್ದಾಯಿತು. ಹೊಸ ಕಾರ್ಡು ಅಂಚೆಯಲ್ಲಿ ಹೊರಟು, ಚಿಕ್ಕಪ್ಪನವರು ಎಂದೋ ಬಾಡಿಗೆಗಿದ್ದ ಹಳೆಯ ಮನೆಯ ವಿಳಾಸಕ್ಕೆ ಹೋಗಿ, ಹಿಂದಿರುಗಿ, ಮತ್ತೆ ಬರುವ ಹೊತ್ತಿಗೆ ಮೂರು ವಾರ ಕಳೆದವು. ಆ ಮೂರು ವಾರಗಳಲ್ಲಿಯೇ ಕಾರ್ಡಿಲ್ಲದೆ ಹಣ ಪಡೆಯುವ ವಿಧಾನವು ನಮ್ಮ ಮನೆಯನ್ನು ಪ್ರವೇಶಿಸಿತು. ಈ ತಿಂಗಳು ಅದರ ವಿಷಯವಾಗಿಯೇ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ಕಾರ್ಡಿಲ್ಲದೆ ಹಣ ಪಡೆಯುವುದೆಂದರೆ ಅದೇನೂ ಅಪೂರ್ವವಾದ ಸಂಗತಿಯಲ್ಲ. ಹಿಂದೂಪುರದ ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿಗಳ ಮಂಡಿಗಳನ್ನು ಬಲ್ಲ ಹಿರಿಯರು ಹುಂಡಿಯ ಹೆಸರನ್ನು ಕೇಳಿಯೇ ಇರುತ್ತಾರೆ. ಒಂದೂರಿನ ವರ್ತಕನು ಬರೆದುಕೊಟ್ಟ ಚೀಟಿಯನ್ನು ಇನ್ನೊಂದೂರಿನ ವರ್ತಕನ ಮುಂದಿಟ್ಟರೆ ಅವನು ಹಣ ಎಣಿಸಿಕೊಡುತ್ತಿದ್ದ. ಹಣ ಪ್ರಯಾಣ ಮಾಡುತ್ತಿರಲಿಲ್ಲ, ಮಾತು ಪ್ರಯಾಣ ಮಾಡುತ್ತಿತ್ತು. 1880ರಲ್ಲಿ ಆರಂಭವಾದ ಅಂಚೆ ಮನಿಯಾರ್ಡರೂ ಬಡವರ ಪಾಲಿಗೆ ಹೆಚ್ಚುಕಡಿಮೆ ಇದೇ ಕೆಲಸ ಮಾಡಿತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಕಟ್ಟಿಸಿಕೊಂಡಿತು. ಅಲ್ಲಿಯೂ ಮುಖಪರಿಚಯ ಮತ್ತು ನಂಬಿಕೆಗಳೇ ಆಧಾರವಾಗಿದ್ದವು.

ಹಣದ ಯಂತ್ರದ ಕಥೆಯಂತೂ ಇನ್ನೂ ಸೋಜಿಗದ್ದು. ಲೋಕದ ಮೊದಲ ಹಣಯಂತ್ರವೆಂದು ಸಾಮಾನ್ಯವಾಗಿ ಹೆಸರಿಸುವುದು ಲಂಡನ್ನಿನ ಎನ್‌ಫೀಲ್ಡಿನಲ್ಲಿ 1967ರ ಜೂನ್ 27ರಂದು ಬಾರ್ಕ್ಲೇಸ್ ಬ್ಯಾಂಕು ತೆರೆದ ಯಂತ್ರವನ್ನು. ಅದರ ಹಿಂದಿದ್ದ ಜಾನ್ ಶೆಫರ್ಡ್ ಬ್ಯಾರನ್ ಎಂಬವರು ಹುಟ್ಟಿದ್ದು 1925ರಲ್ಲಿ ನಮ್ಮ ಶಿಲ್ಲಾಂಗಿನಲ್ಲಿ. ಆ ಯಂತ್ರಕ್ಕೆ ಕಾರ್ಡೇ ಇರಲಿಲ್ಲ! ಬ್ಯಾಂಕು ಮೊದಲೇ ಕೊಟ್ಟ ವಿಶೇಷ ಕಾಗದದ ಚೀಟಿಯನ್ನು ಹಾಕಿ, ಗುಪ್ತಸಂಖ್ಯೆಯನ್ನು ಒತ್ತಿದರೆ ಹತ್ತು ಪೌಂಡು ಬರುತ್ತಿತ್ತು. ಗುಪ್ತಸಂಖ್ಯೆ ಆರಂಕಿಯದಿರಲೆಂದು ಅವರು ಯೋಚಿಸಿದ್ದರಂತೆ. ನಾಲ್ಕಕ್ಕಿಂತ ಹೆಚ್ಚು ಅಂಕಿಗಳನ್ನು ತಾನು ನೆನಪಿಡಲಾರೆನೆಂದು ಅಡಿಗೆಮನೆಯಲ್ಲಿ ಅವರ ಹೆಂಡತಿ ಹೇಳಿದರಂತೆ. ಲೋಕಕ್ಕೆ ನಾಲ್ಕಂಕಿ ಬಂದದ್ದು ಹಾಗೆ. ಕಾರ್ಡು ಆಮೇಲೆ ಬಂದಿತು. ಇಂಡಿಯಾಕ್ಕೆ ಮೊದಲ ಎಟಿಎಂ ಬಂದದ್ದು 1987ರಲ್ಲಿ, ಮುಂಬಯಿಗೆ.

ನಮ್ಮ ದೇಶದಲ್ಲಿ ಕೆಲವು ಬ್ಯಾಂಕುಗಳು 2010ರ ದಶಕದಲ್ಲಿಯೇ ಕಾರ್ಡಿಲ್ಲದ ಹಣವನ್ನು ತಮ್ಮ ತಮ್ಮ ಯಂತ್ರಗಳಲ್ಲಿ ಕೊಡಲಾರಂಭಿಸಿದವು. ಫೋನಿಗೆ ಬಂದ ಸಂಕೇತವನ್ನು ನಿಗದಿಯಾದ ಹೊತ್ತಿನೊಳಗೆ ಯಂತ್ರದಲ್ಲಿ ಒತ್ತಬೇಕು, ಹಣ ಪಡೆಯಬೇಕು. ಸ್ಟೇಟ್ ಬ್ಯಾಂಕಿನ ಯೋನೋ ಕ್ಯಾಶ್ 2019ರಲ್ಲಿ ಬಂದದ್ದು ಈ ಬಗೆಯದು. ಆದರೆ ಒಂದು ಬ್ಯಾಂಕಿನ ಸಂಕೇತ ಇನ್ನೊಂದು ಬ್ಯಾಂಕಿನ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. 2022ರ ಏಪ್ರಿಲ್ 8ರಂದು ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಅವರು, ಯುಪಿಐ ಮೂಲಕ ಈ ಸೌಲಭ್ಯವನ್ನು ಎಲ್ಲ ಬ್ಯಾಂಕುಗಳ, ಎಲ್ಲ ಎಟಿಎಂಗಳ ನಡುವೆ ವಿಸ್ತರಿಸುವುದಾಗಿ ಪ್ರಕಟಿಸಿದರು. ಮೇ 19ರಂದು ಸುತ್ತೋಲೆ ಹೊರಟಿತು. ಕಾರ್ಡಿನ ಗುಟ್ಟನ್ನು ಕದ್ದು ನಕಲು ಕಾರ್ಡು ಮಾಡುವ ವಂಚನೆಗೆ ಇದರಿಂದ ತಡೆಯಾಗುವುದೆಂಬುದು ಅವರು ಕೊಟ್ಟ ಮುಖ್ಯ ಕಾರಣಗಳಲ್ಲೊಂದು.

ಇದರ ಕ್ರಮವನ್ನು ಸರಳವಾಗಿ ಹೇಳುತ್ತೇನೆ. ಯಂತ್ರದ ಪರದೆಯಲ್ಲಿ ಯುಪಿಐ ಎಂದೋ, ಕಾರ್ಡಿಲ್ಲದ ಹಣ ಎಂದೋ ಇರುವ ಗುಂಡಿಯನ್ನು ಒತ್ತಬೇಕು. ಬೇಕಾದ ಮೊತ್ತವನ್ನು ನಮೂದಿಸಬೇಕು. ಆಗ ಪರದೆಯ ಮೇಲೆ ಕಪ್ಪು ಚುಕ್ಕೆಗಳ ಚೌಕವೊಂದು, ಎಂದರೆ ಕ್ಯೂಆರ್ ಕೋಡ್, ಮೂಡುತ್ತದೆ. ಅದು ಆ ಒಂದು ವ್ಯವಹಾರಕ್ಕೆ ಮಾತ್ರ ಹುಟ್ಟಿದ್ದು, ಸ್ವಲ್ಪ ಹೊತ್ತಿನಲ್ಲಿಯೇ ಸಾಯುತ್ತದೆ. ಅದನ್ನು ಫೋನಿನಿಂದ ಸ್ಕ್ಯಾನ್ ಮಾಡಿ, ಯುಪಿಐ ಪಿನ್ನನ್ನು ಫೋನಿನಲ್ಲಿಯೇ ಒತ್ತಿದರೆ ಯಂತ್ರ ನೋಟುಗಳನ್ನು ಕೊಡುತ್ತದೆ. ಒಂದು ಸಲಕ್ಕೆ ಹತ್ತು ಸಾವಿರ ರೂಪಾಯಿಗಳವರೆಗೆ ತೆಗೆಯಬಹುದು; ಕೆಲವು ಬ್ಯಾಂಕುಗಳು ಇದಕ್ಕಿಂತ ಕಡಿಮೆ ಮಿತಿಯನ್ನು ಇಟ್ಟುಕೊಂಡಿವೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗುಪ್ತಸಂಖ್ಯೆಯನ್ನು ಯಂತ್ರದ ಗುಂಡಿಗಳ ಮೇಲೆ ಒತ್ತುವುದೇ ಇಲ್ಲ. ಕಾರ್ಡು ಹಾಕುವ ಬಾಯಿಗೆ ಕಳ್ಳರು ಏನನ್ನು ಅಂಟಿಸಿದ್ದರೂ, ಮೇಲೆ ಯಾವ ಕ್ಯಾಮರಾ ಬಚ್ಚಿಟ್ಟಿದ್ದರೂ, ಕದಿಯಲು ಅಲ್ಲಿ ಏನೂ ದೊರೆಯುವುದಿಲ್ಲ.

ಹಾಗಾದರೆ ಜನರು ಇದನ್ನು ಆರಿಸಿಕೊಳ್ಳುವುದು ಈ ಭದ್ರತೆಗಾಗಿಯೇ? ಹೊಸ ಯಂತ್ರವಿದ್ಯೆಯನ್ನು ಜನ ಏಕೆ ಸ್ವೀಕರಿಸುತ್ತಾರೆಂಬ ಪ್ರಶ್ನೆಯನ್ನು ವಿದ್ವಾಂಸರು ಬಹಳ ಕಾಲದಿಂದ ಕೇಳುತ್ತ ಬಂದಿದ್ದಾರೆ. ಅಮೆರಿಕದ ಫ್ರೆಡ್ ಡೇವಿಸ್ ಅವರು 1989ರಲ್ಲಿ ಎರಡು ಮಾತುಗಳಲ್ಲಿ ಉತ್ತರವನ್ನು ಸಂಗ್ರಹಿಸಿದರು: ಇದರಿಂದ ತನಗೆ ಉಪಯೋಗವುಂಟೆಂಬ ಭಾವನೆ, ಇದನ್ನು ಬಳಸುವುದು ಸುಲಭವೆಂಬ ಭಾವನೆ. ಅವರ ನಂತರ ಬಂದವರು ನಂಬಿಕೆ, ಭಯ, ಸುತ್ತಲಿನವರ ಒತ್ತಾಯ ಮೊದಲಾದವನ್ನು ಸೇರಿಸಿದರು. ಈ ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಹಿಂದೂಪುರದ ನಮ್ಮ ಬೀದಿಯಲ್ಲಿಯೂ ಕಲ್ಯಾಣದುರ್ಗದ ಬಂಧುಗಳ ನಡುವೆಯೂ ಕೆಲವರನ್ನು ವಿಚಾರಿಸಿದೆ. ಸಿಕ್ಕ ಉತ್ತರಗಳಲ್ಲಿ ಉಪಯೋಗವೂ ಇತ್ತು, ಸುಲಭವೂ ಇತ್ತು; ಆದರೆ ಅವುಗಳ ಕೆಳಗೆ ಬೇರೊಂದು ಸಂಗತಿ ಹರಿಯುತ್ತಿದ್ದಂತೆ ನನಗೆ ತೋರಿತು.

ರೇಷ್ಮೆಗೂಡನ್ನು ಹಿಂದೂಪುರದ ಮಾರುಕಟ್ಟೆಗೆ ತರುವ ಮಡಕಶಿರಾ ಕಡೆಯ ರೈತರೊಬ್ಬರು ಹೇಳಿದರು: "ಗೂಡು ತರೋ ದಿವ್ಸ ಜೇಬಲ್ಲಿ ಕಾರ್ಡು ಇಟ್ಕೊಂಡ್ರೆ ಅದರ ಮೇಲೇ ಪ್ರಾಣ ಸ್ವಾಮಿ. ಫೋನು ಹೆಂಗೂ ಕೈಲಿರುತ್ತೆ." ಇದು ಉಪಯೋಗದ ಮಾತು. ಇನ್ನೊಬ್ಬರು ನಿವೃತ್ತ ಗುಮಾಸ್ತರು. ಅವರು ತಮ್ಮ ಕಪಾಟಿನಿಂದ ಹಳೆಯ ಪಾಸ್‌ಬುಕ್ಕುಗಳನ್ನು ತೆಗೆದು ತೋರಿಸಿದರು. ಅವುಗಳ ಮೇಲಿನ ಹೆಸರುಗಳೆಲ್ಲ ಈಗ ಚರಿತ್ರೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಷನ್, ಆಂಧ್ರ ಬ್ಯಾಂಕುಗಳು 2020ರಲ್ಲಿ ದೊಡ್ಡ ಬ್ಯಾಂಕುಗಳಲ್ಲಿ ಲೀನವಾದವು. 2025ರ ಮೇ 1ರಂದು ನಮ್ಮ ಹಳ್ಳಿಗಳ ಆಂಧ್ರ ಪ್ರಗತಿ ಗ್ರಾಮೀಣ ಬ್ಯಾಂಕೂ ಇತರ ಮೂರರೊಡನೆ ಸೇರಿ ಆಂಧ್ರ ಪ್ರದೇಶ ಗ್ರಾಮೀಣ ಬ್ಯಾಂಕಾಯಿತು. ಗಡಿಯಾಚೆ ಅದೇ ದಿನ ಎರಡು ಗ್ರಾಮೀಣ ಬ್ಯಾಂಕುಗಳು ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. "ಬ್ಯಾಂಕಿನ ಹೆಸರು ಹೋಯ್ತು, ಕಾರ್ಡು ಹೋಯ್ತು, ಜಿಲ್ಲೆಯೂ ಬದಲಾಯ್ತು. ನನ್ನ ಫೋನ್ ನಂಬರೊಂದು ಹಾಗೇ ಉಳಿದಿದೆ" ಎಂದು ಅವರು ನಕ್ಕರು. 2022ರ ಏಪ್ರಿಲ್ 4ರಂದು ಹಿಂದೂಪುರವು ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದು, ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಉಳಿದದ್ದು ಅವರ ಮನಸ್ಸಿನಲ್ಲಿತ್ತು.

ಭಯದ ಮಾತನ್ನೂ ಹೇಳಬೇಕು. 2013ರ ನವೆಂಬರ್ 19ರ ಬೆಳಗ್ಗೆ ಬೆಂಗಳೂರಿನ ಎಟಿಎಂ ಒಂದರಲ್ಲಿ ಹಣ ತೆಗೆಯಲು ಹೋದ ಬ್ಯಾಂಕ್ ಉದ್ಯೋಗಿ ಮಹಿಳೆಯೊಬ್ಬರನ್ನು ಹಿಂಬಾಲಿಸಿ ಒಳಹೊಕ್ಕು, ಬಾಗಿಲು ಮುಚ್ಚಿ, ಮಚ್ಚಿನಿಂದ ಕಡಿದ ಘಟನೆಯನ್ನು ಯಾರೂ ಮರೆತಿಲ್ಲ. ಆಕೆಯಿಂದ ಕಸಿದ ಮೊಬೈಲು ಪೊಲೀಸರಿಗೆ ಪತ್ತೆಯಾದದ್ದು ನಮ್ಮ ಹಿಂದೂಪುರದಲ್ಲಿ. ಅಪರಾಧಿ ಮದನಪಲ್ಲಿಯಲ್ಲಿ ಸಿಕ್ಕಿಬಿದ್ದದ್ದು 2017ರಲ್ಲಿ. ಆ ದಿನಗಳಲ್ಲಿ ನಮ್ಮೂರಿನ ಎಷ್ಟೋ ಹೆಂಗಸರು ಎಟಿಎಂ ಕೋಣೆಗೆ ಕಾಲಿಡುವುದನ್ನೇ ಬಿಟ್ಟರು. ಅಂದಿನಿಂದ ಕಾರ್ಡು ಗಂಡಸರ ಕೈಗೆ ಹೋದ ಮನೆಗಳನ್ನು ನಾನು ಬಲ್ಲೆ. ಕಾರ್ಡಿಲ್ಲದ ವಿಧಾನವು ಈ ಭಯವನ್ನು ನಿವಾರಿಸಲಾರದು, ಏಕೆಂದರೆ ಹಣಕ್ಕಾಗಿ ಅದೇ ಕೋಣೆಗೆ ಹೋಗಲೇಬೇಕು. ಬೆಳಕಿದ್ದಾಗ ಹೋಗುವುದು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವುದು ಇಂದಿಗೂ ಒಳ್ಳೆಯ ಪದ್ಧತಿ.

ಇಷ್ಟೆಲ್ಲ ಕೇಳಿದ ಮೇಲೆ ನನಗೆ ತೋರಿದ್ದು ಇದು. ಒಬ್ಬ ಮನುಷ್ಯನು ಹಣ ಪಡೆಯುವ ದಾರಿಯನ್ನು ಆರಿಸಿಕೊಳ್ಳುವಾಗ ನಿಜವಾಗಿ ಅಳೆಯುವುದು ಯಾರ ಹಂಗು ತಪ್ಪುತ್ತದೆ, ಯಾರ ಹಂಗು ಹೊಸದಾಗಿ ಬರುತ್ತದೆ ಎಂಬುದನ್ನು. ಅನುಕೂಲದ ಮಾತನ್ನು ನಾವು ಬಾಯಲ್ಲಿ ಹೇಳುತ್ತೇವೆ; ಹಂಗಿನ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತೇವೆ. ಚಿಕ್ಕಮ್ಮನ ಪ್ರಸಂಗವನ್ನು ಮುಂದುವರಿಸಿದರೆ ಇದು ಸ್ಪಷ್ಟವಾಗುತ್ತದೆ.

ಕಾರ್ಡಿಲ್ಲದ ಆ ಮೂರು ವಾರಗಳಲ್ಲಿ ನನ್ನ ಮಗಳು, ಹಿಂದೂಪುರದ ಕಾಲೇಜಿನಲ್ಲಿ ಓದುತ್ತಿರುವವಳು, ರಜೆಗೆ ಕಲ್ಯಾಣದುರ್ಗಕ್ಕೆ ಹೋಗಿದ್ದಳು. ಅಜ್ಜಿಯ ಫೋನಿಗೆ ಭೀಮ್ ಆ್ಯಪನ್ನು ಹಾಕಿ, ಭಾಷೆಯನ್ನು ಕನ್ನಡಕ್ಕೆ ಬದಲಿಸಿದಳು. ಪಿನ್ ಸ್ಥಾಪಿಸಲು ಕಾರ್ಡೇ ಬೇಕೆಂಬ ನಿರ್ಬಂಧವೂ ಈಗಿಲ್ಲ, ಆಧಾರ್ ಮೂಲಕವೂ ಆಗುತ್ತದೆ. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಪರದೆಯನ್ನು ಅಕ್ಷರ ಅಕ್ಷರವಾಗಿ ಓದಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ಹಣದ ವಿಷಯವಾಗಿರಲಿಲ್ಲ. "ಇದರಲ್ಲಿ ಕನ್ನಡ ಹಾಕಿದವರು ಯಾರೇ?" ಎಂದು ಕೇಳಿದರಂತೆ.

ಗಡಿಯಾಚೆ ಇರುವ ನಮ್ಮ ಬಂಧುಗಳಿಗೆ ಈ ಪ್ರಶ್ನೆಯ ತೂಕ ಅಷ್ಟಾಗಿ ತಿಳಿಯಲಾರದು. ಎಟಿಎಂ ಯಂತ್ರ ತಾನು ನಿಂತ ರಾಜ್ಯದ ಭಾಷೆಯನ್ನು ಆಡುತ್ತದೆ. ಅದು ನ್ಯಾಯವೇ, ಅದರಲ್ಲಿ ದೂರಬೇಕಾದ್ದೇನೂ ಇಲ್ಲ. ತೆಲುಗು ನಮ್ಮ ನೆರೆಯ ಭಾಷೆ, ನಮ್ಮ ಮಕ್ಕಳ ಶಾಲೆಯ ಭಾಷೆ. ಆದರೆ ಹಣದ ವ್ಯವಹಾರದಲ್ಲಿ ಅರ್ಧ ತಿಳಿದು ಒತ್ತುವ ಗುಂಡಿ ಅಪಾಯಕರವಾದುದು. ಕಾರ್ಡಿಲ್ಲದ ವಿಧಾನದಲ್ಲಿ ಮೊದಲ ಎರಡು ಹೆಜ್ಜೆಗಳು ಯಂತ್ರದ ಭಾಷೆಯಲ್ಲಿಯೇ ನಡೆಯಬೇಕು, ಆದರೆ ನಿರ್ಣಾಯಕವಾದ ಹೆಜ್ಜೆ, ಎಂದರೆ ಇಷ್ಟು ಹಣ, ಈ ಖಾತೆಯಿಂದ, ಒಪ್ಪಿಗೆಯೇ ಎಂಬ ಪ್ರಶ್ನೆ, ಅಂಗೈಯಲ್ಲಿರುವ ಫೋನಿನಲ್ಲಿ ಬರುತ್ತದೆ. ಫೋನು ಯಾವ ರಾಜ್ಯದಲ್ಲಿ ನಿಂತಿದ್ದರೂ ಯಜಮಾನಿಯ ಭಾಷೆಯನ್ನೇ ಆಡುತ್ತದೆ. ಚಿಕ್ಕಮ್ಮ ಈ ವಿಧಾನವನ್ನು ಆರಿಸಿಕೊಂಡದ್ದು ಈ ಒಂದು ಕಾರಣಕ್ಕೆ ಎಂದರೆ ತಪ್ಪಾಗಲಾರದು. ಮೂರು ವಾರಗಳ ಮೇಲೆ ಬಂದ ಹೊಸ ಕಾರ್ಡು ಇಂದಿಗೂ ಲಕೋಟೆಯಲ್ಲಿಯೇ ಇದೆ.

ಎಲ್ಲರಿಗೂ ಹೀಗೆಯೇ ಆಗುತ್ತದೆಂದು ಹೇಳಿದರೆ ಅದು ಸತ್ಯಕ್ಕೆ ದೂರ. ನಮ್ಮ ಬೀದಿಗೆ ಸೊಪ್ಪು ತರಕಾರಿ ತರುವ ಹೆಂಗಸೊಬ್ಬರಿದ್ದಾರೆ. ಆಕೆಗೂ ಇದನ್ನು ಕಲಿಸಲು ನನ್ನ ಮಗಳು ಉತ್ಸಾಹದಿಂದ ಹೊರಟಳು. ಆಕೆ ಬೇಡವೆಂದರು. ಕಾರಣ ಕೇಳಿದಾಗ ಹೇಳಿದ ಮಾತನ್ನು ನಾನು ಇಲ್ಲಿ ಹಾಗೆಯೇ ಬರೆಯುತ್ತೇನೆ: "ಕಾರ್ಡಾದ್ರೆ ಅಕ್ಕಿ ಡಬ್ಬದಾಗೆ ಬಚ್ಚಿಡಬೋದು ಕಣಮ್ಮ. ಫೋನು ಎಲ್ಲಿ ಬಚ್ಚಿಡ್ಲಿ? ಅದು ನಮ್ಮನೆಯೋರ ಕೈಯಾಗೇ ಇರ್ತೈತೆ." ಫೋನು ಮನೆಗೆಲ್ಲ ಒಂದೇ ಆಗಿದ್ದು ಅದು ಗಂಡನ ಜೇಬಿನಲ್ಲಿದ್ದರೆ, ಕಾರ್ಡಿಲ್ಲದ ಹಣವೆಂದರೆ ಆಕೆಯ ಪಾಲಿಗೆ ಕೈತಪ್ಪಿದ ಹಣವೇ. ಚಿಕ್ಕಮ್ಮನನ್ನು ಹಂಗಿನಿಂದ ಬಿಡಿಸಿದ ವಿಧಾನ ಈಕೆಯನ್ನು ಹಂಗಿಗೆ ಸಿಕ್ಕಿಸುತ್ತಿತ್ತು. ಬೇಡವೆಂದದ್ದನ್ನು ಅಜ್ಞಾನವೆಂದು ಹೇಗೆ ಕರೆಯೋಣ? ಆಕೆಯದು ಚಿಕ್ಕಮ್ಮನದಷ್ಟೇ ಜಾಣತನದ ಆಯ್ಕೆ.

ಸಾದಾ ಫೋನು ಇಟ್ಟುಕೊಂಡವರ ಪಾಡೂ ಹೀಗೆಯೇ. ಅವರಿಗಾಗಿ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಎಂಬ ವ್ಯವಸ್ಥೆ ಬಂದಿತಾದರೂ, ಕ್ಯಾಮರಾ ಇಲ್ಲದ ಫೋನು ಯಂತ್ರದ ಪರದೆಯ ಚೌಕವನ್ನು ಓದಲಾರದು. ಕಲ್ಯಾಣದುರ್ಗದ ಸುತ್ತಿನ ಕಡಲೆಕಾಯಿ ಹೊಲಗಳಲ್ಲಿ ದುಡಿಯುವ ಎಷ್ಟೋ ಜನರಿಗೆ ಕಾರ್ಡೂ ಇಲ್ಲ, ಅಂಥ ಫೋನೂ ಇಲ್ಲ. ಅವರು ಬ್ಯಾಂಕ್ ಮಿತ್ರರ ಬಳಿ ಆಧಾರ್ ಸಂಖ್ಯೆ ಹೇಳಿ, ಬೆರಳೊತ್ತಿ ಹಣ ಪಡೆಯುತ್ತಾರೆ. ಅದೂ ಕಾರ್ಡಿಲ್ಲದ ಹಣವೇ. ಆದರೆ ಮಣ್ಣಿನಲ್ಲಿ ಸವೆದ ಬೆರಳ ಗೆರೆಗಳನ್ನು ಯಂತ್ರ ಒಮ್ಮೊಮ್ಮೆ ಗುರುತಿಸುವುದಿಲ್ಲ. ದುಡಿದ ಕಾರಣಕ್ಕೇ ದುಡಿಮೆಯ ಹಣ ನಿಂತುಹೋಗುವ ವಿಪರ್ಯಾಸ ಅದು. ಹೊಸ ದಾರಿ ತೆರೆಯಿತೆಂದು ಹಳೆಯ ದಾರಿಗಳನ್ನು, ಎಂದರೆ ಶಾಖೆಯ ಕಿಟಕಿಯನ್ನೂ ಹಣ ತೆಗೆಯುವ ಚೀಟಿಯನ್ನೂ ಮುಚ್ಚಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ವಿಧಾನವನ್ನು ಅನುಸರಿಸಬೇಕೆನ್ನುವ ಮನೆಗಳಿಗೆ ಕೆಲವು ಎಚ್ಚರಿಕೆಯ ಮಾತುಗಳನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದಾಗಿ, ಎಲ್ಲ ಎಟಿಎಂಗಳಲ್ಲಿಯೂ, ಎಲ್ಲ ಆ್ಯಪ್‌ಗಳಲ್ಲಿಯೂ ಈ ಸೌಲಭ್ಯವಿರುವುದಿಲ್ಲ. ತುರ್ತು ಬರುವುದಕ್ಕೆ ಮೊದಲೇ, ಬಿಡುವಾಗಿರುವ ಒಂದು ದಿನ ಹೋಗಿ ಐನೂರು ರೂಪಾಯಿ ತೆಗೆದು ನೋಡಿಕೊಳ್ಳುವುದು ಲೇಸು. ಆಸ್ಪತ್ರೆಗೆ ಹೊರಟ ರಾತ್ರಿ ಕಲಿಯುವ ವಿದ್ಯೆಯಲ್ಲ ಇದು.

ಎರಡನೆಯದು ಬಹು ಮುಖ್ಯವಾದುದು. ಪಿನ್ ಒತ್ತಿದರೆ ಹಣ ಯಾವಾಗಲೂ ನಮ್ಮ ಖಾತೆಯಿಂದ ಹೊರಹೋಗುತ್ತದೆ. ಎಟಿಎಂನಲ್ಲಿ ಹೊರಹೋದ ಹಣ ನಮ್ಮ ಕೈಗೇ ಬರುತ್ತದೆ, ಅಷ್ಟೆ. ಇದನ್ನು ಕಲಿತ ಹಿರಿಯರ ಮನಸ್ಸಿನಲ್ಲಿ 'ಸ್ಕ್ಯಾನ್ ಮಾಡಿದರೆ ಹಣ ಬರುತ್ತದೆ' ಎಂಬ ತಪ್ಪು ತಿಳಿವಳಿಕೆ ಉಳಿದುಬಿಡಬಹುದು. ಮೋಸಗಾರರು ಕಾದಿರುವುದು ಅದಕ್ಕೇ. ಫೋನು ಮಾಡಿ, ಬಹುಮಾನ ಬಂದಿದೆ, ಪಿಂಚಣಿಯ ಬಾಕಿ ಬಂದಿದೆ, ಈ ಚೌಕವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರೆಂದು ಹೇಳಿದರೆ ಅದು ವಂಚನೆಯೇ. ಯಾರಿಂದಲೂ ಹಣ ಪಡೆಯಲು ಪಿನ್ ಬೇಕಾಗಿಲ್ಲ. ಹಾಗೆಯೇ, ಚೌಕವು ಯಂತ್ರದ ಪರದೆಯೊಳಗೆ ಮೂಡಿರಬೇಕು. ಯಂತ್ರದ ಮೇಲೆಯೋ ಗೋಡೆಯ ಮೇಲೆಯೋ ಅಂಟಿಸಿದ ಚೀಟಿಯಲ್ಲಿದ್ದರೆ ಅದರತ್ತ ಫೋನನ್ನು ತಿರುಗಿಸಲೇಬಾರದು.

ಮೂರನೆಯದು ಶುಲ್ಕದ ಸಂಗತಿ. ಕಾರ್ಡಿಲ್ಲದೆ ತೆಗೆದರೆ ಬೇರೆ ಶುಲ್ಕವಿಲ್ಲ. ಕಾರ್ಡಿಗಿರುವ ನಿಯಮವೇ ಇದಕ್ಕೂ ಅನ್ವಯಿಸುತ್ತದೆ. ನಮ್ಮಂಥ ಊರುಗಳಲ್ಲಿ ತಿಂಗಳಿಗೆ ಸ್ವಂತ ಬ್ಯಾಂಕಿನ ಯಂತ್ರದಲ್ಲಿ ಐದು ಸಲ, ಇತರ ಬ್ಯಾಂಕುಗಳ ಯಂತ್ರದಲ್ಲಿ ಐದು ಸಲ ಉಚಿತ. ಅದನ್ನು ಮೀರಿದರೆ ಪ್ರತಿ ಸಲಕ್ಕೆ ಬ್ಯಾಂಕುಗಳು ವಿಧಿಸಬಹುದಾದ ಗರಿಷ್ಠ ಶುಲ್ಕವನ್ನು 2025ರ ಮೇ 1ರಿಂದ 23 ರೂಪಾಯಿಗೆ ಏರಿಸಲಾಯಿತು, ತೆರಿಗೆ ಪ್ರತ್ಯೇಕ.

ನಾಲ್ಕನೆಯದಾಗಿ, ಖಾತೆಯಿಂದ ಹಣ ಕಳೆದು ಯಂತ್ರದಿಂದ ನೋಟು ಬಾರದಿದ್ದರೆ ಎದೆಗುಂದಬೇಕಾಗಿಲ್ಲ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ವಿಧಿಸಿದ ನಿಯಮದಂತೆ, ಅಂಥ ಹಣವನ್ನು ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಖಾತೆಗೆ ಮರಳಿಸಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿಯಂತೆ ಪರಿಹಾರ ಕೊಡಬೇಕು. ಕಾರ್ಡಿಲ್ಲದ ಹಣಕ್ಕೂ ಈ ನಿಯಮವುಂಟು. ದಿನ, ವೇಳೆ, ಯಂತ್ರವಿರುವ ಸ್ಥಳಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವಂಚನೆಯಾಗಿದ್ದರೆ ಮಾತ್ರ ಒಂದು ಗಳಿಗೆಯನ್ನೂ ಕಳೆಯದೆ ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ತಿಳಿಸಬೇಕು.

ಕೊನೆಯದಾಗಿ, ಫೋನು ಕಳೆದರೆ ಕಾರ್ಡು ಕಳೆದದ್ದಕ್ಕಿಂತ ಹೆಚ್ಚಿನ ನಷ್ಟವೆಂದು ತಿಳಿಯಿರಿ. ಫೋನಿಗೊಂದು ಬೀಗ, ಯುಪಿಐಗೆ ಬೇರೊಂದು ಪಿನ್ ಇರಲಿ. ಎರಡಕ್ಕೂ ಒಂದೇ ಸಂಖ್ಯೆಯನ್ನಿಟ್ಟರೆ ಬೀಗದ ಕೈಯನ್ನು ಬಾಗಿಲಿಗೇ ತಗುಲಿಹಾಕಿದಂತೆ. ಆ ಸಂಖ್ಯೆಯನ್ನು ಲಕೋಟೆಯ ಮೇಲೆ ಬರೆಯುವ ಹಳೆಯ ಅಭ್ಯಾಸವನ್ನು ದಯವಿಟ್ಟು ಇಲ್ಲಿಗೆ ತರಬೇಡಿರಿ.

ಇನ್ನು ಪಕ್ಕದ ಮನೆಯ ಹುಡುಗನ ವಿಷಯ ಉಳಿಯಿತು. ಚಿಕ್ಕಮ್ಮ ತಾವೇ ಹಣ ತೆಗೆಯುತ್ತೇನೆಂದಾಗ ಅವನ ಮುಖ ಬಾಡಿತಂತೆ. "ನಾ ಮೀದ ನಮ್ಮಕಂ ಪೋಯಿಂದಾ ಅವ್ವಾ?" ಎಂದು ಕೇಳಿದನಂತೆ. ನನ್ನ ಮೇಲಿನ ನಂಬಿಕೆ ಹೋಯಿತೇ ಎಂದು. ಈ ಪ್ರಶ್ನೆ ಬಂದೇ ಬರುತ್ತದೆಂದು ಚಿಕ್ಕಮ್ಮನಿಗೆ ಗೊತ್ತಿತ್ತೆಂದು ತೋರುತ್ತದೆ. ಇಷ್ಟು ವರ್ಷ ನಿಷ್ಠೆಯಿಂದ ನಡೆದುಕೊಂಡ ಮಗುವಿನ ಮನಸ್ಸನ್ನು ನೋಯಿಸಿ ಪಡೆಯುವ ಸ್ವಾತಂತ್ರ್ಯ ಯಾವ ಸುಖಕ್ಕೆ? ಅವರು ಅವನ ಕೈ ಹಿಡಿದು, "ನಂಬಿಕೆ ಹೋಗಿದ್ರೆ ನಿನ್ನನ್ನೇ ಜೊತೆಗೆ ಬಾ ಅಂತ ಕರೀತಿದ್ನೇನೋ? ನೀನು ಬಾಗಿಲಲ್ಲಿ ನಿಂತಿರು. ನಾನು ತಪ್ಪು ಒತ್ತಿದ್ರೆ ಹೇಳು. ಆದ್ರೆ ಒತ್ತೋದು ಮಾತ್ರ ನಾನೇ" ಎಂದರಂತೆ.

ಮೊದಲ ಸಲ ಎರಡು ಸಾವಿರ ತೆಗೆದರು. ಹುಡುಗ ಬಾಗಿಲಲ್ಲಿ ನಿಂತಿದ್ದ. ನೋಟುಗಳನ್ನು ಎರಡು ಸಲ ಎಣಿಸಿ, ಸೆರಗಿಗೆ ಕಟ್ಟಿಕೊಂಡು ಹೊರಬಂದು, ಅವನಿಗೆ ಎದುರಿನ ಅಂಗಡಿಯಲ್ಲಿ ಮಿಠಾಯಿ ಕೊಡಿಸಿದರಂತೆ. ಅವನ ಪರೀಕ್ಷೆ ಮುಗಿದ ಸಂತೋಷಕ್ಕೆ ಎಂದು ಹೇಳಿದರಂತೆ. ಆ ಸಂಜೆ ನನಗೆ ಫೋನು ಮಾಡಿದಾಗ ಅವರ ಧ್ವನಿಯಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

"ಉಳಿದ ಹಣ ಏನು ಮಾಡಿದಿರಿ ಚಿಕ್ಕಮ್ಮ?" ಎಂದು ನಾನು ಸುಮ್ಮನೆ ಕೇಳಿದೆ.

"ಅದು ನಿನಗ್ಯಾಕೋ?" ಎಂದರು.

ನನಗೆ ಬಹಳ ಸಂತೋಷವಾಯಿತು.